ರೇಯ್ನೋ ತುಂಬಿದ ತೋಟಾಗಳು

ನನ್ನ ಕೈಬರಹ ಚೆನ್ನಾಗಿಲ್ಲ, ಸಾಲು ಕೆಳಕ್ಕೆ ಇಳಿಯುತ್ತದೆ. ಓದುವವರು ಕ್ಷಮಿಸಬೇಕು. ಹತ್ತನೆಯ ತರಗತಿಯಲ್ಲೇ ಶಾಲೆ ಬಿಟ್ಟವಳಾದ್ದರಿಂದ ದೊಡ್ಡ ಮಾತುಗಳೂ ನನ್ನಲ್ಲಿಲ್ಲ. ಆದರೆ ಕೇಳದೆ ಏನನ್ನೂ ಬರೆದಿಲ್ಲ. ಬರೆದದ್ದನ್ನು ರೇಯ್ನೋ ಲಾಂಪಿನೆನ್ ಅವರಿಗೂ ಅವರ ಹೆಂಡತಿ ಹೆಲ್ಮಿಗೂ ಓದಿ ಹೇಳಿ, ಅವರು ತಪ್ಪು ಎಂದದ್ದನ್ನು ಹೊಡೆದುಹಾಕಿದ್ದೇನೆ. ‘ಅವನು’ ಎಂದು ಬರೆದಿರುವುದು ಅಗೌರವದಿಂದಲ್ಲ. ಹಾಗೇ ಬರಿ ಎಂದು ಅವರೇ ಹೇಳಿದರು.

ಕಾಡಂಚಿನ ನಮ್ಮ ಊರಿನ ಸಲ್ಮೆಲಾ ರಸ್ತೆಯಲ್ಲಿ ಖಾಲಿ ತೋಟಾವನ್ನು ಯಾರೂ ಎಸೆಯುವುದಿಲ್ಲ. ಜಿಂಕೆ ಬಿತ್ತೋ ಇಲ್ಲವೋ ನೋಡುವುದಕ್ಕೆ ಮೊದಲು, ಹಾರಿಸಿದವನು ಬಗ್ಗಿ ಹಿಮದಲ್ಲಿ ಬೆರಳಾಡಿಸಿ, ಇನ್ನೂ ಬೆಚ್ಚಗಿರುವ ಹಿತ್ತಾಳೆ ಕೊಳವೆಯನ್ನು ಹೆಕ್ಕಿ ಜೇಬಿಗೆ ಹಾಕಿಕೊಳ್ಳುತ್ತಾನೆ. ಆ ಕೊಳವೆಗಳೆಲ್ಲ ಕಾಫಿ ಡಬ್ಬಗಳಲ್ಲಿ, ಮೇಲೆ ಮನೆತನದ ಹೆಸರು ಅಂಟಿಸಿಕೊಂಡು, ರೇಯ್ನೋನ ನೆಲಮಾಳಿಗೆಗೆ ಬರುತ್ತಿದ್ದವು. ರೇಯ್ನೋ ಚಳಿಗಾಲದಲ್ಲಿ ಹಿಮ ತಳ್ಳುವ ಲಾರಿ ಓಡಿಸುವವನು, ಬೇಸಿಗೆಯಲ್ಲಿ ಅದೇ ಲಾರಿಯನ್ನು ಬಿಚ್ಚಿ ಜೋಡಿಸುವವನು. ಸಂಜೆ ಅವನು ನೆಲಮಾಳಿಗೆಗೆ ಇಳಿದು ಕೊಳವೆಯ ಬುಡದಲ್ಲಿ ಕಿಡಿ ಹೊತ್ತಿಸುವ ಹಳೆಯ ಕೇಪು ತಳ್ಳಿ ತೆಗೆದು ಹೊಸದನ್ನು ಕೂರಿಸುತ್ತಿದ್ದ. ಪುಟ್ಟ ತಕ್ಕಡಿಯಲ್ಲಿ ಮದ್ದು ತೂಗಿ ಸುರಿದು, ಮೇಲೆ ಗುಂಡು ಒತ್ತುತ್ತಿದ್ದ. ತೋಟಾದ ಬೆಲೆಯಲ್ಲಿ ಹೆಚ್ಚಿನ ಪಾಲು ಹಿತ್ತಾಳೆಯದು. ಅದು ಒಂದು ಸಲಕ್ಕೆ ಸವೆಯುವುದಿಲ್ಲ. ಅಂಗಡಿಯದರ ಅರ್ಧ ಬೆಲೆಗೆ ತೋಟಾ ತಯಾರು.

ನೆರೆಯವರಿಂದ ಅವನು ಹಣ ಮುಟ್ಟುತ್ತಿರಲಿಲ್ಲ. ಹಣ ಮುಟ್ಟಿದರೆ ಸರ್ಕಾರದ ಪರವಾನಗಿ ಬೇಕು. ಬದಲಿಗೆ ಮಾಂಸ, ಆಲೂಗಡ್ಡೆ, ಕೆಂಪು ಮೂಲಂಗಿ ತುಂಬಿ ಕಡುಬಿನಂತೆ ಮಡಿಚಿದ ಪಾಸ್ಟಿ ಬರುತ್ತಿತ್ತು, ಹೊಗೆಯಾಡಿಸಿದ ಮೀನು ಬರುತ್ತಿತ್ತು, ಒಮ್ಮೆ ಒಂದು ಜೊತೆ ಉಣ್ಣೆಯ ಕಾಲುಚೀಲ ಬಂದಿತ್ತು.

“ಉಳಿಸಿ ಉಳಿಸಿ ನಮ್ಮನ್ನ ಬೀದಿಗೆ ತರ್ತೀಯ ನೀನು,” ಎನ್ನುತ್ತಿದ್ದಳು ಹೆಲ್ಮಿ. “ಆ ಒತ್ತೋ ಯಂತ್ರ ಎಷ್ಟಾಯ್ತು? ತಕ್ಕಡಿ ಎಷ್ಟಾಯ್ತು? ಅಗ್ಗ ಅಂತ ಮೊದಲು ಹತ್ತು ಹಾರಿಸ್ತಿದ್ದೋನು ಈಗ ನೂರು ಹಾರಿಸ್ತೀಯ.”

“ಒಂದೊಂದರಲ್ಲಿ ಉಳಿಯತ್ತೆ.”

“ಹೌದಪ್ಪ. ಒಂದೊಂದರಲ್ಲೂ ಉಳಿಯತ್ತೆ, ಒಟ್ಟಿನಲ್ಲಿ ಹೋಗತ್ತೆ.”

ರೇಯ್ನೋ ನಗುತ್ತಿದ್ದ. ಅವಳು ಹೇಳುವುದು ನಿಜವೆಂದು ಅವನಿಗೆ ಗೊತ್ತಿತ್ತು. ಆದರೆ ಅವನ ಕೈ ಬಿಗಿಯಾದದ್ದು ಬೇರೆ ಕಾರಣಕ್ಕೆ. ತಾಮ್ರದ ಗಣಿ ಮುಚ್ಚಿದ ವರ್ಷ ಅವನ ಅಪ್ಪ ಅಂಗಡಿಯಿಂದ ತೋಟಾವನ್ನು ಪೆಟ್ಟಿಗೆಯಲ್ಲಿ ತರುತ್ತಿರಲಿಲ್ಲ, ಒಂದೊಂದಾಗಿ ತರುತ್ತಿದ್ದ. ಒಂದು ತೋಟಾಕ್ಕೆ ಒಂದು ಜಿಂಕೆ. ಒಂದು ಸಲ ಗುರಿ ತಪ್ಪಿತು. ಆ ಚಳಿಗಾಲದುದ್ದಕ್ಕೂ ಮನೆಯಲ್ಲಿ ಗೆಡ್ಡೆ ಬೇಯಿಸಿದ ವಾಸನೆ ಬಿಟ್ಟರೆ ಬೇರೆ ವಾಸನೆ ಇರಲಿಲ್ಲ. ಅಪ್ಪ ಯಾರನ್ನೂ ಬೈಯಲಿಲ್ಲ, ಬಂದೂಕನ್ನು ಒರೆಸಿ ಒರೆಸಿ ಗೋಡೆಗೆ ತೂಗಿಹಾಕುತ್ತಿದ್ದ. ಆ ಬಂದೂಕು ಈಗ ರೇಯ್ನೋನದು.

ಕೈ ಬಿಗಿಯಾದರೂ ನಿಯಮದಲ್ಲಿ ಅವನು ಸಡಿಲ ಬಿಟ್ಟವನಲ್ಲ. ತೋಟಾ ತುಂಬುವುದನ್ನು ಕಲಿಯಲು ಬಂದವರಿಗೆಲ್ಲ ಒಂದೇ ಪಾಠ ಹೇಳುತ್ತಿದ್ದ. ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಡಬ್ಬ ಮದ್ದು. ಇನ್ನೊಬ್ಬರು ಮುಚ್ಚಳದ ಮುದ್ರೆ ಒಡೆದ ಡಬ್ಬದ ಮದ್ದನ್ನು ಮುಟ್ಟಬಾರದು, ಪುಕ್ಕಟೆ ಕೊಟ್ಟರೂ ಮುಟ್ಟಬಾರದು. “ಡಬ್ಬದ ಮೇಲೆ ಬರೆದಿರೋದು ಕಂಪನಿಯೋನು. ಒಳಗಿರೋದು ಯಾರ ಕೈದೋ ಯಾರಿಗೆ ಗೊತ್ತು?” ಎನ್ನುತ್ತಿದ್ದ. ಸಲ್ಮೆಲಾ ರಸ್ತೆಯ ಮಕ್ಕಳು ಪ್ರಾರ್ಥನೆಯ ಜೊತೆಗೆ ಇದನ್ನೂ ಕಲಿತಿದ್ದರು.

ನಾಲ್ಕು ವರ್ಷದ ಹಿಂದೆ, ಬೇಟೆಯ ಕಾಲ ಹತ್ತಿರ ಬಂದಾಗ, ಅಂಗಡಿಗಳಲ್ಲಿ ಮದ್ದೇ ಇಲ್ಲವಾಯಿತು. ಕಪಾಟುಗಳು ಬರಿದಾಗಿದ್ದವು. ತುಂಬಿದ ತೋಟಾದ ಬೆಲೆ ಎರಡರಷ್ಟಾಯಿತು. ರೇಯ್ನೋನ ನೆಲಮಾಳಿಗೆಯಲ್ಲಿ ಹೆಸರು ಹೊತ್ತ ಕಾಫಿ ಡಬ್ಬಗಳು ಸಾಲಾಗಿ ಕಾಯುತ್ತಿದ್ದವು. ನೆರೆಮನೆಯ ಆರ್ವೋ ಹಿಲ್ಟುನೆನ್ ಎರಡು ಸಲ ಬಂದು ಬರಿಗೈಯಲ್ಲಿ ಹೋದ. ಮಗಳು ಸಾರಾ ಫೋನ್ ಮಾಡಿದಳು. ಅವಳ ಮಾವ ಉರ್ಹೋ ಮಟ್ಟಿಲಾನ ಕ್ಯಾಂಪಿನಲ್ಲಿ, ಎಂದರೆ ಕಾಡಿನೊಳಗಿನ ಬೇಟೆಮನೆಯಲ್ಲಿ, ಅವಳಿಗೆ ಅದು ಮೊದಲ ಬೇಟೆ. “ಅಪ್ಪ, ಅಂಗಡೀದು ತಗೊಂಡು ಹೋದ್ರೆ ಮಾವ ಆಡ್ಕೊಂಡು ನಗ್ತಾರೆ. ‘ನಿಮ್ಮಪ್ಪನ ಕಾರ್ಖಾನೆ ಮುಚ್ತಾ’ ಅಂತಾರೆ.”

ಅದೇ ವಾರ, ಸತ್ತು ಆರು ತಿಂಗಳಾಗಿದ್ದ ವಿಲ್ಹೋ ಕೋಟಿಲಾನ ಸಾಮಾನನ್ನು ಅವನ ಹೆಂಡತಿ ಆಯ್ಲಿ ಅಂಗಳದಲ್ಲಿ ಹರಡಿ ಮಾರಿದಳು. ಗರಗಸಗಳ ನಡುವೆ ಒಂದು ಮದ್ದಿನ ಡಬ್ಬವಿತ್ತು. ಬೇಕಾದ ಜಾತಿಯದೇ, ಅರ್ಧ ತುಂಬಿತ್ತು. ಮುಚ್ಚಳ ಒಡೆದಿತ್ತು. ರೇಯ್ನೋ ಅದನ್ನು ಎತ್ತಿ ಮತ್ತೆ ಇಟ್ಟ. ಗರಗಸಗಳನ್ನು ನೋಡುವವನಂತೆ ಒಂದು ಸುತ್ತು ಹಾಕಿ ಬಂದ. ವಿಲ್ಹೋ ತನ್ನಷ್ಟೇ ಅಚ್ಚುಕಟ್ಟಿನ ಮನುಷ್ಯ, ಮೊಳೆಗಳನ್ನು ಕೂಡ ಅಳತೆವಾರು ಶೀಶೆಗಳಲ್ಲಿ ಇಟ್ಟವನು. ಅವನ ಡಬ್ಬ ಬೇರೆಯವರ ಡಬ್ಬದ ಹಾಗಲ್ಲ. ಹೀಗೆ ತನಗೆ ತಾನೇ ಹೇಳಿಕೊಂಡು ರೇಯ್ನೋ ಐದು ಡಾಲರ್ ಕೊಟ್ಟು ಡಬ್ಬವನ್ನು ಕೋಟಿನೊಳಗೆ ಮುಚ್ಚಿಕೊಂಡು ತಂದ. ಕದ್ದು ತಂದವನ ಹಾಗೆ ತಂದೆ ಎಂದು ಅವನೇ ನನಗೆ ಹೇಳಿದ.

ಕಣ್ಣು ಮುಚ್ಚಿ ಬಳಸಿದ ಎಂದೇನೂ ಅಲ್ಲ. ಬಲ್ಬಿನ ಬೆಳಕಿನಲ್ಲಿ ಕಾಳುಗಳನ್ನು ನೋಡಿದ. ಮೂಸಿ ನೋಡಿದ, ಹುಳಿ ವಾಸನೆ ಇರಲಿಲ್ಲ. ಮೊದಲು ಕೆಲವನ್ನು ತುಂಬಿ ಜಲ್ಲಿ ಗುಂಡಿಗೆ ಹೋಗಿ ಹಾರಿಸಿದ. ಬಂದೂಕು ಎಂದಿನಂತೆ ಭುಜಕ್ಕೆ ತಟ್ಟಿತು. ಕೊಳವೆಗಳು ಸಲೀಸಾಗಿ ಹೊರಗೆ ಬಂದವು. ಆಮೇಲೆ ಆರ್ವೋನಿಗೆ ಒಂದು ಪೆಟ್ಟಿಗೆ, ಸಾರಾಗೆ ಒಂದು ಪೆಟ್ಟಿಗೆ ತುಂಬಿ ಕೊಟ್ಟ. ಡಬ್ಬದ ತಳದಲ್ಲಿ ಒಂದು ಹಿಡಿ ಮಾತ್ರ ಉಳಿಯಿತು.

ಬೇಟೆ ಶುರುವಾಗುವ ಹಿಂದಿನ ದಿನ ಚರ್ಚಿನ ನೆಲಮಾಳಿಗೆಯಲ್ಲಿ ಪಾಸ್ಟಿ ಮಾಡುವ ಕೆಲಸ. ಕಾಡಿಗೆ ಹೋಗುವವರೆಲ್ಲ ಅಲ್ಲೇ ಕೊಂಡು ಹೋಗುತ್ತಾರೆ. ರೇಯ್ನೋ ಪ್ರತಿ ವರ್ಷ ಅಂಚು ಮಡಿಚುವ ಮೇಜಿನಲ್ಲಿ ಕೂರುತ್ತಾನೆ. ಆಯ್ಲಿ ಕೋಟಿಲಾ ಎದುರು ಕೂತು ಹಿಟ್ಟು ಲಟ್ಟಿಸುತ್ತಿದ್ದಳು.

“ವಿಲ್ಹೋನ ಡಬ್ಬ ನೀನೇ ತಗೊಂಡ್ಯಂತೆ. ಒಳ್ಳೇದಾಯ್ತು ಬಿಡು, ಗೊತ್ತಿರೋರ ಕೈಗೆ ಹೋಯ್ತು.”

“ಚೆನ್ನಾಗಿತ್ತು ಆಯ್ಲಿ. ಒಣಗಿ ಗರಿಗರಿಯಾಗಿತ್ತು.”

“ಇರ್ದೆ ಏನು! ಕಡೇ ಕಡೇಲಿ ಕಣ್ಣು ಕಾಣ್ತಿರ್ಲಿಲ್ಲ ಪಾಪ, ಆದ್ರೂ ಒಂದು ಕಾಳು ಚೆಲ್ಲೋನಲ್ಲ. ಬೇರೆ ಡಬ್ಬಗಳ ತಳದಲ್ಲಿ ಅಷ್ಟಷ್ಟು ಉಳ್ದಿತ್ತಲ್ಲ, ಅದನ್ನೆಲ್ಲ ಒಂದಕ್ಕೇ ಸುರಿದ. ಅದರ ಮೇಲೆ ಒಳ್ಳೇದನ್ನ ಹಾಕಿ ಮುಚ್ಚಿಟ್ಟ. ‘ಜಾಗಾನೂ ಉಳೀತು, ಮದ್ದೂ ಉಳೀತು ನೋಡೇ’ ಅಂದ. ನಿನ್ನ ಹಾಗೇ ಅವನೂ.”

ರೇಯ್ನೋನ ಬೆರಳು ಹಿಟ್ಟಿನ ಅಂಚಿನಲ್ಲಿ ನಿಂತಿತು.

“ಯಾಕೋ, ಹಿಟ್ಟು ಗಟ್ಟಿ ಆಯ್ತಾ?” ಎಂದಳು ಆಯ್ಲಿ.

“ಇಲ್ಲ,” ಎಂದ. ಅರ್ಧ ಮಡಿಚಿದ ಪಾಸ್ಟಿಯನ್ನು ಹಾಗೇ ಬಿಟ್ಟು, ಕೈ ತೊಳೆಯದೆ ಎದ್ದು ಹೋದ.

ಮನೆಗೆ ಬಂದವನೇ ಹೆಲ್ಮಿಯಿಂದ ಬಿಳಿ ತಟ್ಟೆ ಕೇಳಿ, ಡಬ್ಬದಲ್ಲಿ ಉಳಿದ ಹಿಡಿ ಮದ್ದನ್ನು ಅದರ ಮೇಲೆ ಸುರಿದು ಕಿಟಕಿಯ ಬಳಿ ಹಿಡಿದ. ನೆಲಮಾಳಿಗೆಯ ಹಳದಿ ಬಲ್ಬಿನಲ್ಲಿ ಎಲ್ಲ ಕಾಳೂ ಕಪ್ಪಗೆ ಒಂದೇ ಥರ ಕಂಡಿದ್ದವು. ಹಗಲು ಬೆಳಕಿನಲ್ಲಿ ಹಾಗಿರಲಿಲ್ಲ. ಕೆಲವು ಬೂದು, ಕೆಲವು ಹಸಿರು ಛಾಯೆಯವು, ಕೂದಲೆಳೆಯಷ್ಟು ತೆಳು.

“ಏನಿದು?” ಎಂದಳು ಹೆಲ್ಮಿ.

“ನಿಧಾನದ್ದಕ್ಕೆ ಬಿರುಸಿಂದು ಬೆರೆತಿದೆ.”

ಹೆಲ್ಮಿ ಮೂವತ್ತು ವರ್ಷ ಅವನ ಜೊತೆ ಬದುಕಿದವಳು, ಬಿಡಿಸಿ ಹೇಳಬೇಕಾಗಿರಲಿಲ್ಲ. ನಿಧಾನದ ಮದ್ದು ಗುಂಡನ್ನು ತಳ್ಳುತ್ತದೆ, ಹಿಮದಲ್ಲಿ ಸಿಕ್ಕಿಕೊಂಡ ಕಾರನ್ನು ನಾಲ್ಕು ಜನ ತಳ್ಳಿದ ಹಾಗೆ. ಬಿರುಸಿನದು ಸುತ್ತಿಗೆಯಲ್ಲಿ ಹೊಡೆದ ಹಾಗೆ. ನಿಧಾನದ್ದರ ಅಳತೆಯಲ್ಲಿ ಬಿರುಸಿನದನ್ನು ತುಂಬಿದರೆ ಆ ಹೊಡೆತಕ್ಕೆ ಮುಂದೆ ಹೋಗಲು ಪುರಸೊತ್ತಿರುವುದಿಲ್ಲ, ಹಿಂದಕ್ಕೆ ಒಡೆಯುತ್ತದೆ. ಹಿಂದೆ ಇರುವುದು ಹಾರಿಸುವವರ ಕೆನ್ನೆ. ಅವನು ಪರೀಕ್ಷೆಗೆ ಹಾರಿಸಿದ್ದೆಲ್ಲ ಡಬ್ಬದ ಮೇಲ್ಪದರದ್ದು. ಕೊಟ್ಟದ್ದು ಕೆಳಗಿನದು.

“ಸಾರಾ,” ಎಂದಳು ಹೆಲ್ಮಿ.

ಮಟ್ಟಿಲಾ ಕ್ಯಾಂಪು ಜೌಗಿನ ಆಚೆ, ಫೋನು ಹಿಡಿಯದ ಜಾಗದಲ್ಲಿದೆ. ರೇಯ್ನೋ ಮೊದಲು ದಾರಿಯಲ್ಲೇ ಇದ್ದ ಆರ್ವೋನ ಮನೆಗೆ ಹೋದ.

“ಆ ಪೆಟ್ಟಿಗೆ ಕೊಡು ಆರ್ವೋ. ತೂಕ ಒಂಚೂರು ಹೆಚ್ಚುಕಮ್ಮಿ ಆಗಿದ್ಯೇನೋ ಅಂತ ಅನುಮಾನ.”

“ಕೊಟ್ಟಿದ್ದನ್ನ ವಾಪಸ್ ಕೇಳೋಕೆ ಬಂದ್ಯಾ? ನನ್ನ ಹೆಂಡ್ತಿ ಮಾಡಿದ ಪಾಸ್ಟಿ ತಿಂದ್ಯಲ್ಲ, ಅದನ್ನೂ ವಾಪಸ್ ಕೊಡ್ತೀಯಾ?” ಆರ್ವೋ ನಗುತ್ತ ಪೆಟ್ಟಿಗೆ ತಂದುಕೊಟ್ಟ. ಒಂದೂ ಕಡಿಮೆಯಿರಲಿಲ್ಲ.

ಸುಳ್ಳು ಇಷ್ಟು ಸುಲಭವಾಗಿ ಕೆಲಸ ಮಾಡಿದ್ದು ರೇಯ್ನೋಗೆ ಸಮಾಧಾನ ತಂದಿತು. ಕ್ಯಾಂಪಿನಲ್ಲೂ ಇದನ್ನೇ ಹೇಳಿದರಾಯಿತು ಎಂದುಕೊಂಡ. ಮುಚ್ಚಳ ಒಡೆದ ಡಬ್ಬದ ವಿಷಯ ಯಾರಿಗೂ ತಿಳಿಯಬೇಕಾಗಿಲ್ಲ. ಹಿಮ ಬೀಳಲು ಶುರುವಾಗಿತ್ತು. ರಸ್ತೆಯ ಎರಡೂ ಬದಿಯ ದೇವದಾರುಗಳು ಬಾಗಿ ಹತ್ತಿರ ಬಂದಂತೆ ಕಾಣುತ್ತಿದ್ದವು. ಕೊನೆಯ ತಿರುವಿನಲ್ಲಿ ಗಾಡಿ ಹೂತುಕೊಂಡಿತು. ಎಲ್ಲರ ರಸ್ತೆಯ ಹಿಮ ತಳ್ಳುವವನು ತನ್ನ ಗಾಡಿಯನ್ನು ಅಲ್ಲೇ ಬಿಟ್ಟು ಮೊಣಕಾಲುದ್ದದ ಹಿಮದಲ್ಲಿ ನಡೆದ. ಎಲ್ಲೋ ದೂರದಲ್ಲಿ ಯಾರೋ ಗುರಿ ನೋಡಿಕೊಳ್ಳಲು ಒಂದು ಗುಂಡು ಹಾರಿಸಿದರು. ಅವನು ನಿಂತು, ಎರಡನೆಯದು ಕೇಳುತ್ತದೆಯೇ ಎಂದು ಕಾದ. ಕೇಳಲಿಲ್ಲ. ಆಮೇಲೆ ಓಡಿದ.

ಕ್ಯಾಂಪಿನ ಬಾಗಿಲು ತೆರೆದಾಗ ಒಳಗೆ ಒಲೆಯ ಬಿಸಿ, ಒದ್ದೆ ಉಣ್ಣೆಯ ವಾಸನೆ, ನಗು. ಗೂಟಗಳಲ್ಲಿ ಕೆಂಪು ಕಪ್ಪು ಚೌಕಳಿಯ ಕೋಟುಗಳು ಒಂದರ ಮೇಲೊಂದು ತೂಗುತ್ತಿದ್ದವು. ಸಾರಾ ಮೇಜಿನ ಕೊನೆಯಲ್ಲಿ ಕೂತಿದ್ದಳು. ಅವಳ ಎರಡೂ ಕೆನ್ನೆ ನೋಡಿದ ಮೇಲೆ ಅವನಿಗೆ ಉಸಿರು ಬಂತು.

“ಬನ್ನಿ ಬೀಗ್ರೇ!” ಎಂದು ಉರ್ಹೋ ಕೂಗಿದ. ಎಂಬತ್ತರ ಮುದುಕ, ಕ್ಯಾಂಪಿನ ಯಜಮಾನ. “ಬಿಟ್ಟಿ ಊಟದ ವಾಸನೆ ಅಲ್ಲೀವರೆಗೂ ಬಂತಾ?”

“ಸಾರಾ, ಆ ಪೆಟ್ಟಿಗೆ ಕೊಡಮ್ಮ. ತೂಕದಲ್ಲಿ ಒಂಚೂರು ಅನುಮಾನ ಇದೆ.”

ಸಾರಾ ಪೆಟ್ಟಿಗೆ ತಂದಳು. ಅದರಲ್ಲಿ ತೋಟಾ ಕೂರಿಸುವ ನಾಲ್ಕು ಗೂಡು ಖಾಲಿಯಿದ್ದವು.

“ಬಟ್ಟಲಿಗೆ ಹಾಕಿದ್ವಲ್ಲಪ್ಪ,” ಎಂದಳು. “ನಂದೊಂದು. ಮಿಕ್ಕಿದ್ದು ಇವರೆಲ್ಲ ಬೇಡ್ಕೊಂಡು ತಗೊಂಡ್ರು.”

ರೇಯ್ನೋ ಬಟ್ಟಲನ್ನು ಮರೆತಿದ್ದ. ಮಟ್ಟಿಲಾ ಕ್ಯಾಂಪಿನಲ್ಲಿ ಎಲ್ಲರದೂ ಒಂದೇ ಅಳತೆಯ ಬಂದೂಕು. ಬೇಟೆಯ ಹಿಂದಿನ ದಿನ ಪ್ರತಿಯೊಬ್ಬರೂ ಒಂದು ತೋಟಾವನ್ನು ಮರದ ಬಟ್ಟಲಿಗೆ ಹಾಕುತ್ತಾರೆ, ಕಣ್ಣು ಮುಚ್ಚಿ ಒಂದನ್ನು ಎತ್ತಿಕೊಳ್ಳುತ್ತಾರೆ. ಬೆಳಿಗ್ಗೆ ಮೊದಲು ಹಾರಿಸುವುದು ಅದನ್ನೇ. ಯಾರು ಹಾಕಿದ ತೋಟಾಕ್ಕೆ ಜಿಂಕೆ ಬಿತ್ತೆಂದು ಯಾರಿಗೂ ಗೊತ್ತಾಗುವುದಿಲ್ಲ, ಹಾಗಾಗಿ ಮಾಂಸ ಎಲ್ಲರಿಗೂ ಸಮ. ಎತ್ತಿಕೊಂಡದ್ದನ್ನು ತೋರಿಸಬಾರದು, ಹಿಂದಿರುಗಿಸಬಾರದು. ಹಿಂದಿರುಗಿಸಿದರೆ ಆ ವರ್ಷ ಕಾಡು ಮುನಿಯುತ್ತದೆ ಎನ್ನುತ್ತಾರೆ. ಈಗ ಮೇಜಿನ ಮೇಲಿದ್ದ ಬಟ್ಟಲು ಬರಿದಾಗಿತ್ತು.

“ಎತ್ತಿಕೊಂಡಿರೋದನ್ನೂ ಕೊಡಿ,” ಎಂದ ರೇಯ್ನೋ.

ಎಲ್ಲರೂ ನಕ್ಕರು. “ಎತ್ತಿದ್ದು ಎತ್ತಿದ್ದೇ ಬೀಗ್ರೇ,” ಎಂದ ಉರ್ಹೋ. “ಒಂಚೂರು ತೂಕಕ್ಕೆ ಯಾರು ಅದೃಷ್ಟ ಬಿಟ್ಕೊಡ್ತಾರೆ? ಎರಡು ಕಾಳು ಮದ್ದು ಜಾಸ್ತಿ ಹೋಯ್ತು ಅಂತ ಹೊಟ್ಟೆ ಉರೀತಾ ಇದ್ಯಾ ನಿನಗೆ?”

ಮತ್ತೆ ನಗು. ರೇಯ್ನೋ ಟೋಪಿ ತೆಗೆದು ಕೈಯಲ್ಲಿ ಹಿಡಿದ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರಲ್ಲ, ಅವನ ಮಾನ ಐದು ಡಾಲರಿಗೆ ಹೋಗುವುದಿತ್ತು. ಅವನು ಮಗಳ ಕಡೆ ನೋಡಿದ. ಅವಳು ನಗುತ್ತಲೇ ಇದ್ದಳು, ಅಪ್ಪನ ಪರವಾಗಿ ನಾಚಿಕೊಂಡವಳ ಹಾಗೆ.

“ತೂಕ ಅಲ್ಲ,” ಎಂದ. “ಮುಚ್ಚಳ ಒಡೆದ ಡಬ್ಬದ ಮದ್ದು ತುಂಬಿದೀನಿ. ವಿಲ್ಹೋಂದು. ಅದರಲ್ಲಿ ಬಿರುಸಿಂದು ಬೆರೆತಿದೆ. ಯಾವುದರಲ್ಲಿ ಎಷ್ಟಿದೆ ನಂಗೊತ್ತಿಲ್ಲ. ನಾಳೆ ಹಾರಿಸಿದ್ರೆ ನಿಮ್ಮಲ್ಲಿ ಯಾರ ಮುಖ ಇರತ್ತೋ ಯಾರದು ಇರಲ್ವೋ, ಅದೂ ಗೊತ್ತಿಲ್ಲ.”

ಒಲೆಯಲ್ಲಿ ಸೌದೆ ಜರುಗಿದ ಸದ್ದು ಕೇಳಿಸಿತು.

“ನೀನಾ?” ಎಂದ ಉರ್ಹೋ. “ಒಡೆದ ಡಬ್ಬ? ನೀನು?”

“ನಾನೇ.”

ಉರ್ಹೋ ಅಂಗಿಯ ಜೇಬಿನಿಂದ ತನ್ನ ತೋಟಾ ತೆಗೆದು ಬಟ್ಟಲಿಗೆ ಹಾಕಿದ. ಅವನ ಹಿಂದೆ ಒಬ್ಬೊಬ್ಬರೇ ಹಾಕಿದರು. ಸಾರಾ ಕೊನೆಗೆ ಹಾಕಿದಳು, ಅಪ್ಪನ ಮುಖ ನೋಡಲಿಲ್ಲ. ಅಂಗಡಿಯದು ಯಾವುದು, ರೇಯ್ನೋ ತುಂಬಿದ್ದು ಯಾವುದು ಎಂದು ಹೇಳಲು ಬರುತ್ತಿರಲಿಲ್ಲ. ಎಲ್ಲ ಒಂದೇ ಹಿತ್ತಾಳೆ, ಒಂದೇ ಹೊಳಪು.

ಉರ್ಹೋ ಬೆರಳಲ್ಲಿ ಎಣಿಸಿದ. ಮತ್ತೆ ಎಣಿಸಿದ.

“ಒಂದು ಕಮ್ಮಿ ಇದೆ. ಓಯಿವಂದು.”

ಓಯಿವ ಉರ್ಹೋನ ತಮ್ಮ. ಹಲ್ಲುನೋವು ತಾಳಲಾರದೆ, ತನ್ನ ಪಾಲಿನದನ್ನು ಎಲ್ಲರಿಗಿಂತ ಮೊದಲೇ ಎತ್ತಿ ಕೋಟಿನ ಜೇಬಿಗೆ ಹಾಕಿ, ಮಧ್ಯಾಹ್ನವೇ ಊರಿಗೆ ಹೊರಟಿದ್ದ. ಇಬ್ಬರು ಬಂದು ರೇಯ್ನೋನ ಗಾಡಿಯನ್ನು ಹಿಮದಿಂದ ತಳ್ಳಿ ಕೊಟ್ಟರು. ತಳ್ಳುವಾಗ ಯಾರೂ ತಮಾಷೆ ಮಾಡಲಿಲ್ಲ. ತಮಾಷೆ ಮಾಡಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತಂತೆ.

ಊರಿನಲ್ಲಿ ಓಯಿವ ದವಡೆಗೆ ಬಟ್ಟೆ ಕಟ್ಟಿಕೊಂಡು ಬಾಗಿಲು ತೆಗೆದ. ವಿಷಯ ಕೇಳಿ, ಗೂಟದ ಕೋಟನ್ನು ತಂದು ಜೇಬುಗಳನ್ನು ಹೊರಮಗ್ಗುಲು ಮಾಡಿದ. ಒಂದು ಕರವಸ್ತ್ರ, ಅರ್ಧ ಬೆಂಕಿಪೊಟ್ಟಣ, ಬೇರೇನೂ ಇಲ್ಲ. ಅವನು ಕೋಟಿನ ಕಾಲರನ್ನು ದೀಪಕ್ಕೆ ಹಿಡಿದ.

“ನಾನು ಬೆಂಕಿಪೊಟ್ಟಣ ಇಟ್ಕೊಳ್ಳೋನೇ ಅಲ್ಲ,” ಎಂದ ನಿಧಾನವಾಗಿ. “ಇದು ನನ್ನ ಕೋಟಲ್ಲ ರೇಯ್ನೋ.”

ಆ ದಿನ ಮಟ್ಟಿಲಾ ಕ್ಯಾಂಪಿಗೆ ಸುತ್ತಲಿನ ಕ್ಯಾಂಪುಗಳಿಂದ ಕಾಫಿಗೆಂದು ಬಂದು ಹೋದವರು ಹಲವರು. ಎಲ್ಲರದೂ ಅದೇ ಚೌಕಳಿಯ ಕೋಟು. ಹಲ್ಲುನೋವಿನ ಓಯಿವ ಕೈಗೆ ಸಿಕ್ಕಿದ್ದನ್ನು ಹಾಕಿಕೊಂಡಿದ್ದ, ತೋಟಾ ಇದ್ದ ಓಯಿವನ ಕೋಟನ್ನು ಯಾರೋ ಹಾಕಿಕೊಂಡು ಹೋಗಿದ್ದರು.

ಮರುದಿನ ಬೆಳಕು ಹರಿಯುವಾಗ ಗುಡ್ಡದ ಎಲ್ಲ ಕಡೆಯಿಂದ ಗುಂಡಿನ ಸದ್ದು ಬಂತು, ಪ್ರತಿ ವರ್ಷ ಬರುವ ಹಾಗೆ. ರೇಯ್ನೋ ಕ್ಯಾಂಪಿನಿಂದ ಕ್ಯಾಂಪಿಗೆ ಹೋಗುತ್ತ, ಪ್ರತಿ ಸದ್ದಿಗೂ ನಿಲ್ಲುತ್ತ, ಬಾಗಿಲು ಬಾಗಿಲಲ್ಲೂ ಅದೇ ಮಾತನ್ನು ಮೊದಲಿನಿಂದ ಹೇಳಿದ. ಕೋಟು ಅದಲುಬದಲಾದದ್ದು ಯಾರಿಗೂ ಗೊತ್ತಿರಲಿಲ್ಲ. ಜೇಬು ತಡಕಿದರು, ಇಲ್ಲ ಎಂದರು. ಅನೇಕರ ಜೇಬುಗಳು ಹರಿದಿದ್ದವು. ಎತ್ತಿಕೊಂಡದ್ದನ್ನು ಹಿಂದಿರುಗಿಸಿದ್ದ ಮಟ್ಟಿಲಾ ಕ್ಯಾಂಪಿನವರು ಆ ದಿನ ಒಂದೂ ಗುಂಡು ಹಾರಿಸದೆ ಕೂತಿದ್ದರು.

ತನ್ನ ಭಯ ಬರಿಯ ಭಯವೇ ಎಂದು ತಿಳಿಯಬೇಕಿತ್ತು ರೇಯ್ನೋಗೆ. ವಾಪಸ್ ಬಂದ ತೋಟಾಗಳನ್ನು ತೆಗೆದುಕೊಂಡು ಜಲ್ಲಿ ಗುಂಡಿಗೆ ಹೋದ. ಹೆಲ್ಮಿಯೂ ಜೊತೆಗೆ ಹೋದಳು. ಬೇರೆಯವರ ಬಂದೂಕು ಕೇಳುವ ಮುಖ ಅವನಿಗಿರಲಿಲ್ಲ. ಅಪ್ಪನ ಬಂದೂಕನ್ನೇ ಹಳೆಯ ಲಾರಿ ಟೈರಿಗೆ ಬಿಗಿದು, ಗುಂಡು ಹಾರಿಸುವ ಕುದುರೆಗೆ ಉದ್ದನೆಯ ಹಗ್ಗ ಕಟ್ಟಿ, ಮಣ್ಣಿನ ದಿಬ್ಬದ ಹಿಂದೆ ಮಲಗಿ ಎಳೆದ. ಮೊದಲನೆಯದು ಸರಿಯಾಗಿ ಹೋಯಿತು. ಎರಡನೆಯದೂ ಹೋಯಿತು. “ಏನೂ ಇಲ್ಲವೇನೋ ಬಿಡು, ಸುಮ್ನೆ ಹೆದರ್ಕೊಂಡ್ವಿ,” ಎಂದಳು ಹೆಲ್ಮಿ. ಇನ್ನೂ ಒಂದೆರಡು ಹೋದವು. ಆಮೇಲೆ ಒಂದು ಎಳೆತಕ್ಕೆ ಬಂದ ಸದ್ದು ಬಂದೂಕಿನದಾಗಿರಲಿಲ್ಲ. ಎದ್ದು ನೋಡಿದರೆ ಮರದ ಹಿಡಿ ಸೀಳಿ ಎರಡಾಗಿತ್ತು. ಹಾರಿಸುವವರ ಕೆನ್ನೆಯ ಪಕ್ಕದಲ್ಲಿ ತೋಟಾವನ್ನು ಹಿಂದಿನಿಂದ ಮುಚ್ಚಿರಬೇಕಾದ ಉಕ್ಕಿನ ಅಗುಳಿ ಅಲ್ಲಿರಲಿಲ್ಲ. ಅವರು ಅದನ್ನು ಹುಡುಕಿದರು. ಹಿಂದಿನ ಬರ್ಚ್ ಮರದ ಕಾಂಡದಲ್ಲಿ, ಮನುಷ್ಯನ ತಲೆಯ ಎತ್ತರಕ್ಕಿಂತ ಸ್ವಲ್ಪ ಮೇಲೆ, ಅದು ನಾಟಿಕೊಂಡಿತ್ತು.

ಎಷ್ಟು ಉಳಿಯಿತು ಎಂದು ಹೆಲ್ಮಿ ಅಂದಿನಿಂದ ಇಂದಿನವರೆಗೂ ಒಂದು ಸಲವೂ ಕೇಳಿಲ್ಲ.

ಉಳಿದ ತೋಟಾಗಳನ್ನು ರೇಯ್ನೋ ಒಂದೊಂದಾಗಿ ಬಿಚ್ಚಿದ. ಮದ್ದನ್ನು ಹೆಲ್ಮಿ ತೋಟದಲ್ಲಿ ಚೆಲ್ಲಿದಳು. ಆರ್ವೋನ ಮನೆಗೂ ಹೋಗಿ, ತೂಕವೆಂದು ತಾನು ಹೇಳಿದ್ದು ಸುಳ್ಳು ಎಂದು ಹೇಳಿ ಬಂದ. ಎಷ್ಟೋ ವರ್ಷ ತಾನು ತುಂಬಿಕೊಟ್ಟ ಪ್ರತಿ ಮನೆಗೂ ಅಂಗಡಿಯಿಂದ ಎರಡರಷ್ಟು ಬೆಲೆ ಕೊಟ್ಟು ಒಂದೊಂದು ಪೆಟ್ಟಿಗೆ ತಂದು ಬಾಗಿಲಲ್ಲಿಟ್ಟ. ಕೆಲವರು ಬೇಡ ಎಂದರು. ಉರ್ಹೋ ತೆಗೆದುಕೊಂಡ. “ಇಟ್ಕೋತೀನಿ ಬೀಗ್ರೇ, ಇಲ್ದಿದ್ರೆ ನಿನಗೆ ನಿದ್ದೆ ಬರಲ್ಲ,” ಎಂದ. ಅದಾದ ಮೇಲೆ ಸಲ್ಮೆಲಾ ರಸ್ತೆಯವರ ಖಾಲಿ ಕೊಳವೆಗಳು ಕಾಫಿ ಡಬ್ಬಗಳಲ್ಲಿ ಅವರವರ ಮನೆಯಲ್ಲೇ ತುಂಬಿಕೊಳ್ಳುತ್ತಿವೆ. ಎಸೆಯುವುದಕ್ಕೆ ಯಾರಿಗೂ ಮನಸ್ಸಿಲ್ಲ, ತರುವವರೂ ಇಲ್ಲ.

ಪ್ರತಿ ವರ್ಷ ಬೇಟೆಗೆ ಮುಂಚಿನ ಭಾನುವಾರ, ಪ್ರಾರ್ಥನೆ ಮುಗಿದ ಮೇಲೆ, ರೇಯ್ನೋ ಎದ್ದು ನಿಲ್ಲುತ್ತಾನೆ. “ಬಿಡಿ ತೋಟಾ ಯಾವುದೇ ಸಿಕ್ಕಲಿ, ಹಾರಿಸಬೇಡಿ. ನಂಗೆ ತಂದುಕೊಡಿ. ಒಂದು ಇನ್ನೂ ಸಿಕ್ಕಿಲ್ಲ,” ಎನ್ನುತ್ತಾನೆ. ಮೊದಲ ವರ್ಷ ಎಲ್ಲರೂ ತಲೆ ತಗ್ಗಿಸಿ ಕೇಳಿದರು. ಹೋದ ವರ್ಷ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಹೊಸದಾಗಿ ಬಂದವರಿಗೆ ಆ ಮುದುಕ ಏನು ಹೇಳುತ್ತಿದ್ದಾನೆಂದೇ ಗೊತ್ತಿಲ್ಲ. ಅದಕ್ಕೇ ಇದನ್ನು ಬರೆದಿದ್ದೇನೆ. ಆ ತೋಟಾ ಅಂಗಡಿಯದಾಗಿರಬಹುದು, ರೇಯ್ನೋನ ಒಳ್ಳೆಯದಾಗಿರಬಹುದು, ಇನ್ನೊಂದಾಗಿರಬಹುದು. ಹಿತ್ತಾಳೆ ಕೊಳೆಯುವುದಿಲ್ಲ. ಒಳಗಿನ ಮದ್ದು ನಮ್ಮೆಲ್ಲರಿಗಿಂತ ಹೆಚ್ಚು ಕಾಲ ಕೆಡದೆ ಇರುತ್ತದೆ ಎಂದು ರೇಯ್ನೋನೇ ಹೇಳಿದ.

ಚರ್ಚಿನ ಹಳೆ ಬಟ್ಟೆ ಅಂಗಡಿಯಲ್ಲಿ ಬಂದ ಬಟ್ಟೆಗಳನ್ನು ವಿಂಗಡಿಸುವುದು ನನ್ನ ಕೆಲಸ. ಗುಡ್ಡದಾಚೆಯ ಒಂದು ಕ್ಯಾಂಪನ್ನು ಮಾರಿದರಂತೆ, ಅಲ್ಲಿಂದ ನಿನ್ನೆ ಎರಡು ಚೀಲ ಚೌಕಳಿಯ ಕೋಟುಗಳು ಬಂದಿವೆ. ಬೇಟೆ ಶುರುವಾಗುವುದು ಈ ಶನಿವಾರ. ನಾಳೆ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ನಾನು ಪ್ರತಿಯೊಂದು ಕೋಟಿನ ಜೇಬನ್ನೂ, ಜೇಬು ಹರಿದಿದ್ದರೆ ಅಸ್ತರನ್ನು ಬಿಚ್ಚಿ ಅದರ ಒಳಗನ್ನೂ ನೋಡುತ್ತೇನೆ.